ರಾಮ್ ಗೋಪಾಲ್

ರಾಮ್ ಗೋಪಾಲ್ (ನವೆಂಬರ್ 20, 1912 – ಅಕ್ಟೋಬರ್ 12, 2003) ಬೆಂಗಳೂರಿನಲ್ಲಿ ಜನಿಸಿದ ನೃತ್ಯಕಲಾವಿದ ಹಾಗೂ ನೃತ್ಯಸಂಯೋಜಕ. ಭಾರತದ ಶಾಸ್ತ್ರೀಯ ನೃತ್ಯವನ್ನು ಆಧುನಿಕ ರಂಗಭೂಮಿಗೆ ಒಗ್ಗಿಸಿ ಪಾಶ್ಚಾತ್ಯ ದೇಶಗಳಿಗೆ ಪರಿಚಯಿಸಿದವರಲ್ಲಿ ಉದಯ್ ಶಂಕರ್ ಅವರೊಂದಿಗೆ ಇವರ ಹೆಸರೂ ಪ್ರಮುಖವಾಗಿದೆ.

ಆರಂಭಿಕ ಜೀವನ
ರಾಮ್ ಗೋಪಾಲ್ ಅವರ ತಂದೆ ರಜಪೂತ ಮನೆತನದ ವಕೀಲರು. ತಾಯಿ ಬರ್ಮಾ ಮೂಲದವರು. ಗಂಡುಮಕ್ಕಳು ನೃತ್ಯವನ್ನು ವೃತ್ತಿಯಾಗಿ ಸ್ವೀಕರಿಸುವುದನ್ನು ಗೌರವಸ್ಥ ಕುಟುಂಬಗಳು ಒಪ್ಪದಿದ್ದ ಕಾಲವದು. ತಂದೆಯ ವಿರೋಧವಿದ್ದರೂ ಮೈಸೂರಿನ ಯುವರಾಜರ ಪ್ರೋತ್ಸಾಹದಿಂದ ಅವರು ನೃತ್ಯವನ್ನು ಮುಂದುವರಿಸಿದರು. ಕುಂಜು ಕುರುಪ್ ಅವರಲ್ಲಿ ಕಥಕಳಿಯನ್ನೂ, ಮೀನಾಕ್ಷಿಸುಂದರಂ ಪಿಳ್ಳೈ ಮತ್ತು ಮುತ್ತುಕುಮಾರನ್ ಪಿಳ್ಳೈ ಅವರಲ್ಲಿ ಭರತನಾಟ್ಯವನ್ನೂ ಅಭ್ಯಾಸ ಮಾಡಿದರು. ಕಥಕ್ ನೃತ್ಯವನ್ನೂ ಕಲಿತರು.

ವಿದೇಶ ಪ್ರವಾಸ
1930ರ ದಶಕದಲ್ಲಿ ಅಮೆರಿಕದ ನರ್ತಕಿ ಲಾ ಮೆರಿ ಅವರೊಂದಿಗೆ ಏಷ್ಯಾದ ಪ್ರವಾಸ ಕೈಗೊಂಡರು. 1938ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಪ್ರದರ್ಶನ ನೀಡಿದರು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ನೀಡಿದ ಪ್ರದರ್ಶನ ಅಪಾರ ಮೆಚ್ಚುಗೆ ಗಳಿಸಿತು. ಪಾಶ್ಚಾತ್ಯ ವಿಮರ್ಶಕರು ಅವರನ್ನು ರಷ್ಯಾದ ಬ್ಯಾಲೆ ಕಲಾವಿದ ನಿಜಿನ್‌ಸ್ಕಿಗೆ ಹೋಲಿಸಿದರು.

ನೃತ್ಯಶೈಲಿ
ಉದಯ್ ಶಂಕರ್ ಅವರು ಆರಂಭದಲ್ಲಿ ಯಾವುದೇ ಶಾಸ್ತ್ರೀಯ ಶಿಕ್ಷಣವಿಲ್ಲದೆ ಸ್ವತಂತ್ರ ಶೈಲಿಯನ್ನು ರೂಪಿಸಿದರೆ, ರಾಮ್ ಗೋಪಾಲ್ ಅವರು ಗುರುಮುಖೇನ ಕಲಿತ ಪ್ರಕಾರಗಳನ್ನೇ ಆಧಾರವಾಗಿಟ್ಟುಕೊಂಡರು. ದೀರ್ಘವಾದ ನೃತ್ಯಬಂಧಗಳನ್ನು ಸಂಕ್ಷೇಪಿಸಿ, ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಹಲವು ಪ್ರಕಾರಗಳನ್ನು ಜೋಡಿಸಿದರು. ಬೆಳಕಿನ ವಿನ್ಯಾಸ ಮತ್ತು ವೇಷಭೂಷಣಗಳಿಗೆ ವಿಶೇಷ ಗಮನ ನೀಡಿದರು. ವ್ಯಾಕರಣವನ್ನು ಕೈಬಿಡದೆ ನಿರೂಪಣೆಯನ್ನು ಹೊಸದಾಗಿಸುವ ಈ ಕ್ರಮವು ಮುಂದೆ ಭಾರತದ ಸಮಕಾಲೀನ ನೃತ್ಯದ ಒಂದು ಮುಖ್ಯ ಲಕ್ಷಣವಾಯಿತು. ಮೃಣಾಲಿನಿ ಸಾರಾಭಾಯಿ ಅವರು ಬೆಂಗಳೂರಿನಲ್ಲಿ ಇವರೊಂದಿಗೆ ನರ್ತಿಸಿದ್ದರು. ಕಥಕ್‌ಗೆ ಹೊಸ ರೂಪ ನೀಡಿದ ಕುಮುದಿನಿ ಲಾಖಿಯಾ ಅವರು ಇವರ ತಂಡದಲ್ಲಿದ್ದು ವಿದೇಶ ಪ್ರವಾಸ ಮಾಡಿದ್ದರು.

ಪ್ರಮುಖ ಪ್ರಯೋಗಗಳು
ತಾಜ್ ಮಹಲಿನ ಕಥೆಯನ್ನು ಆಧರಿಸಿದ ಅವರ ನೃತ್ಯನಾಟಕವು 1956ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಪ್ರದರ್ಶನಗೊಂಡಿತು. 1960ರಲ್ಲಿ ಬ್ರಿಟನ್ನಿನ ಬ್ಯಾಲೆ ಕಲಾವಿದೆ ಅಲಿಶಿಯಾ ಮಾರ್ಕೋವಾ ಅವರೊಂದಿಗೆ ರಾಧಾ-ಕೃಷ್ಣ ಯುಗಳ ನೃತ್ಯವನ್ನು ಪ್ರಸ್ತುತಪಡಿಸಿದರು. ಅವರ ಆತ್ಮಕಥೆ 1957ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಕೊನೆಯ ವರ್ಷಗಳು ಮತ್ತು ಗೌರವಗಳು
1960ರ ದಶಕದಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ನೃತ್ಯಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ವೇದಿಕೆಯಿಂದ ದೂರವಾದ ಬಳಿಕ ಅವರ ಹೆಸರು ಜನಮನದಿಂದ ಬಹುಮಟ್ಟಿಗೆ ಮರೆಯಾಯಿತು. 1990ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1999ರಲ್ಲಿ ಬ್ರಿಟಿಷ್ ಸರ್ಕಾರದ ಓ.ಬಿ.ಇ. ಗೌರವ ದೊರೆತವು. 2003ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು.