ಕಪ್ಪು ರೇಷ್ಮೆಯ ಮೇಲೆ ಅರಳಿದ ಬದುಕು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಲೀನ ಸ್ತ್ರೀಯರ ಗೌನು ಎದೆಯ ಮುಂದೆ ತೆರೆದಿರುತ್ತಿತ್ತು. ಆ ತೆರವನ್ನು ಮುಚ್ಚಲು ಸ್ಟಮಕರ್ ಎಂಬ ತ್ರಿಕೋನಾಕಾರದ ವಸ್ತ್ರಫಲಕವನ್ನು ಗುಂಡುಸೂಜಿಗಳಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಅದರ ಮೇಲಿನ ಕಸೂತಿಯೇ ಉಡುಗೆಗೆ ಶೋಭೆ. ಕೆಳಗೆ ಕಾಣುವ ಲಂಗಕ್ಕೂ ಅಂಥದೇ ಅಲಂಕಾರ. ಈ ಕಲೆಯಲ್ಲಿ ಅಸಾಧಾರಣ ಪ್ರತಿಭೆ ತೋರಿದವಳು ಮೇರಿ ಡಿಲೇನಿ.

1700ರಲ್ಲಿ ವಿಲ್ಟ್‌ಷೈರಿನಲ್ಲಿ ಜನಿಸಿದ ಮೇರಿಯನ್ನು ಆಸ್ಥಾನದ ಸೇವೆಗೆಂದೇ ಬೆಳೆಸಲಾಯಿತು. 1714ರಲ್ಲಿ ರಾಣಿ ಆನ್ ನಿಧನಳಾದಾಗ ಆ ಆಸೆ ಕಮರಿತು. ಹದಿನೇಳರ ಪ್ರಾಯದಲ್ಲಿ, ಅರವತ್ತರ ಆಸುಪಾಸಿನ ವರನೊಡನೆ ಬಂಧುಗಳು ಆಕೆಯ ವಿವಾಹ ನೆರವೇರಿಸಿದರು. ಕೆಲವೇ ವರ್ಷಗಳಲ್ಲಿ ವಿಧವೆಯಾದ ಆಕೆಗೆ ದೊಡ್ಡ ಆಸ್ತಿಯೇನೂ ಉಳಿಯಲಿಲ್ಲ. ಉಳಿದದ್ದು ಸೂಜಿ, ದಾರ ಮತ್ತು ಹೂಗಳನ್ನು ಗಮನಿಸುವ ಕಣ್ಣು.

1740ರ ಸುಮಾರಿಗೆ ಆಕೆ ವಿನ್ಯಾಸಗೊಳಿಸಿದ ಆಸ್ಥಾನದ ಉಡುಗೆ ಕಪ್ಪು ರೇಷ್ಮೆಯದು. ಅದರ ಮೇಲಿನ ಹೂಗಳು ಕೇವಲ ಬೆಡಗಿನ ಕಲ್ಪನೆಗಳಲ್ಲ. ಸಸ್ಯಶಾಸ್ತ್ರಜ್ಞನೂ ಗುರುತಿಸಬಲ್ಲಷ್ಟು ನೈಜವಾದವು. ಆ ಉಡುಗೆ ಇಂದು ಇಡಿಯಾಗಿಲ್ಲ. ಅದರ ಕಸೂತಿಯ ಭಾಗಗಳನ್ನು ವಂಶಸ್ಥರು ಕಾಪಾಡಿಕೊಂಡು ಬಂದರು.

1743ರಲ್ಲಿ, ಬಂಧುಗಳ ಅಸಮ್ಮತಿಯನ್ನು ಲೆಕ್ಕಿಸದೆ, ಪಾದ್ರಿ ಪ್ಯಾಟ್ರಿಕ್ ಡಿಲೇನಿಯನ್ನು ವರಿಸಿ ಐರ್ಲೆಂಡಿಗೆ ಹೊರಟಳು. ಡಬ್ಲಿನ್ನಿನ ಸಮೀಪದ ಡೆಲ್‌ವಿಲ್ ಎಂಬ ಮನೆಯಲ್ಲಿ ತೋಟ, ಕಸೂತಿ, ಚಿಪ್ಪಿನ ಅಲಂಕಾರಗಳ ನಡುವೆ ಹೊಸ ಬದುಕು ಕಟ್ಟಿಕೊಂಡಳು. ತಂಗಿ ಆನ್‌ಳಿಗೆ ಬರೆದ ಪತ್ರಗಳೇ ತವರಿನ ಕೊಂಡಿಯಾಗಿದ್ದವು. 1768ರಲ್ಲಿ ಪತಿಯೂ ತೀರಿಕೊಂಡನು.

1772ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಕತ್ತರಿ ಹಿಡಿದಳು. ಬಣ್ಣದ ಕಾಗದದ ಸಣ್ಣ ಸಣ್ಣ ಚೂರುಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಳನ್ನು ರೂಪಿಸಿದಳು. ಮೂವತ್ತು ವರ್ಷಗಳ ಹಿಂದಿನ ಕಪ್ಪು ರೇಷ್ಮೆಯೇ ಕಾಗದವಾಗಿ ಮರಳಿದಂತಿತ್ತು. ಹತ್ತು ವರ್ಷಗಳಲ್ಲಿ ಸಾವಿರಕ್ಕೆ ಸಮೀಪದಷ್ಟು ಚಿತ್ರಗಳು ಸಿದ್ಧವಾದವು. ಇಂದು ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ದೃಷ್ಟಿ ಮಂದವಾದಾಗ ಮಾತ್ರ ಆ ಕೈ ನಿಂತಿತು. 1785ರಲ್ಲಿ ಮೂರನೆಯ ಜಾರ್ಜ್ ದೊರೆ ವಿಂಡ್ಸರಿನಲ್ಲಿ ಮನೆಯನ್ನೂ ವಾರ್ಷಿಕ 300 ಪೌಂಡುಗಳ ಪಿಂಚಣಿಯನ್ನೂ ನೀಡಿದನು. 1788ರಲ್ಲಿ ಆಕೆ ಕಾಲವಾದಳು.

ಮುಪ್ಪಿನಲ್ಲಿ ಕಣ್ಣು ಮಂಕಾಗುವುದನ್ನೂ ಬೆರಳು ನಡುಗುವುದನ್ನೂ ವೈದ್ಯನಾಗಿ ದಿನವೂ ಕಾಣುತ್ತೇನೆ. ಎಪ್ಪತ್ತೆರಡರ ಆ ಆರಂಭದ ಬೆಲೆ ನನಗೆ ಚೆನ್ನಾಗಿ ತಿಳಿದಿದೆ. ವಿದೇಶಕ್ಕೆ ಹೊರಡುವ ತರುಣರು ಪದವಿಪತ್ರಗಳನ್ನು ಜೋಪಾನವಾಗಿ ಕಟ್ಟಿಕೊಳ್ಳುತ್ತಾರೆ. ಹೊಸ ನಾಡು ಅವನ್ನು ಮತ್ತೊಮ್ಮೆ ಪರೀಕ್ಷಿಸುವುದುಂಟು. ಮನೆಯಲ್ಲಿ ಅಜ್ಜಿಯಿಂದಲೋ ತಾಯಿಯಿಂದಲೋ ಕಲಿತ ಕೈಗೆಲಸಕ್ಕೆ ಯಾವ ಗಡಿಯಲ್ಲಿಯೂ ತಪಾಸಣೆಯಿಲ್ಲ. ಅದನ್ನೂ ಜೊತೆಗೆ ಒಯ್ಯಿರಿ. ಅದರ ಋತು ಯಾವ ವಯಸ್ಸಿನಲ್ಲಿ ಬರುವುದೋ ಹೇಳಲಾಗದು.