ಎಂ. ವಿ. ಗೋಪಾಲಸ್ವಾಮಿ

ಎಂ. ವಿ. ಗೋಪಾಲಸ್ವಾಮಿ (1896–1957) ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರು, ಶಿಕ್ಷಣತಜ್ಞರು ಹಾಗೂ ಕನ್ನಡ ನಾಡಿನ ಬಾನುಲಿ ಪ್ರಸಾರದ ಆದ್ಯ ಪ್ರವರ್ತಕರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಅತ್ಯಲ್ಪ ಶಕ್ತಿಯ ಖಾಸಗಿ ಬಾನುಲಿ ನಿಲಯವೊಂದನ್ನು ಸ್ಥಾಪಿಸಿ, ಅದನ್ನು 'ಆಕಾಶವಾಣಿ' ಎಂಬ ಹೆಸರಿನಲ್ಲಿ ನಡೆಸಿದರು. ಹವ್ಯಾಸವಾಗಿ ಆರಂಭವಾದ ಈ ನಿಲಯ ಮುಂದೆ ಮೈಸೂರು ಸಂಸ್ಥಾನದ ಅಧಿಕೃತ ಬಾನುಲಿ ಕೇಂದ್ರವಾಯಿತು. ಅದರ ಹೆಸರು ಕಾಲಾಂತರದಲ್ಲಿ ಭಾರತದ ರಾಷ್ಟ್ರೀಯ ಪ್ರಸಾರ ಸಂಸ್ಥೆಯ ಹೆಸರೂ ಆಯಿತು.

ಶಿಕ್ಷಣ ಮತ್ತು ಅಧ್ಯಾಪನ

ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಬುದ್ಧಿಶಕ್ತಿಗೂ ಅಂಗಚಲನೆಯ ಕಲಿಕೆಗೂ ಇರುವ ಸಂಬಂಧ ಅವರ ಆರಂಭಿಕ ಸಂಶೋಧನೆಯ ವಿಷಯವಾಗಿತ್ತು. ಈ ಕುರಿತ ಅವರ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು.

1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಸ್ಥಾಪಿತವಾದ ವಿಭಾಗದ ನಂತರ ಇದು ಭಾರತದ ಎರಡನೆಯ ಮನಶ್ಶಾಸ್ತ್ರ ವಿಭಾಗವೆಂದು ಪರಿಗಣಿತವಾಗಿದೆ. ಆಗ ಬ್ರಜೇಂದ್ರನಾಥ ಶೀಲ್ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟುವ ಹೊಣೆ ಗೋಪಾಲಸ್ವಾಮಿಯವರದಾಯಿತು. ಅವರು ಮುಂದೆ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರೂ ಆದರು. ಶಿಶುಶಿಕ್ಷಣದಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಮೈಸೂರಿನ ಗೋಪಾಲಸ್ವಾಮಿ ಶಿಶುವಿಹಾರ ಅವರ ಹೆಸರನ್ನು ಹೊತ್ತಿದೆ.

ಹಿನ್ನೆಲೆ: ಭಾರತದಲ್ಲಿ ಹವ್ಯಾಸಿ ಪ್ರಸಾರ

ಭಾರತದಲ್ಲಿ ಬಾನುಲಿ ಪ್ರಸಾರ ಆರಂಭವಾದದ್ದು ಸರ್ಕಾರದಿಂದಲ್ಲ, ಹವ್ಯಾಸಿಗಳ ಸಂಘಗಳಿಂದ. ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಅವರ ಮುಂದಾಳುತನದಲ್ಲಿ 1924ರಲ್ಲಿ ಸ್ಥಾಪನೆಯಾದ ಮದರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಅದೇ ವರ್ಷ 40 ವ್ಯಾಟ್ ಪ್ರೇಷಕದಿಂದ ಪ್ರಸಾರ ಆರಂಭಿಸಿತು. ಹಣದ ಮುಗ್ಗಟ್ಟಿನಿಂದ 1927ರಲ್ಲಿ ಕ್ಲಬ್ ತನ್ನ ಪ್ರಸಾರವನ್ನು ನಿಲ್ಲಿಸಿತು. ಅದರ ಉಪಕರಣಗಳು ಮದರಾಸು ನಗರಸಭೆಯ ಕೈಸೇರಿ, 1930ರಲ್ಲಿ ನಗರಸಭೆಯೇ ಪ್ರಸಾರವನ್ನು ಮುಂದುವರಿಸಿತು.

1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮುಂಬಯಿ ಮತ್ತು ಕಲ್ಕತ್ತಾಗಳಲ್ಲಿ ತಲಾ 1.5 ಕಿಲೋವ್ಯಾಟ್ ಶಕ್ತಿಯ ನಿಲಯಗಳನ್ನು ತೆರೆಯಿತು. ಅದು 1930ರಲ್ಲಿ ದಿವಾಳಿಯಾದ ಮೇಲೆ ಬ್ರಿಟಿಷ್ ಭಾರತ ಸರ್ಕಾರ ಆ ನಿಲಯಗಳನ್ನು ವಹಿಸಿಕೊಂಡಿತು. ಹೀಗೆ ಕ್ಲಬ್ಬಾಗಲಿ ಕಂಪನಿಯಾಗಲಿ ಪ್ರಸಾರದ ವೆಚ್ಚವನ್ನು ಬಹುಕಾಲ ಭರಿಸಲಾಗಿರಲಿಲ್ಲ. ಗೋಪಾಲಸ್ವಾಮಿಯವರು ಸ್ವಂತ ನಿಲಯವನ್ನು ಆರಂಭಿಸಿದ್ದು ಇಂತಹ ಅನುಭವಗಳು ಕಣ್ಣೆದುರಿಗಿದ್ದ ಕಾಲದಲ್ಲಿ.

ಮೈಸೂರು ಆಕಾಶವಾಣಿಯ ಸ್ಥಾಪನೆ

1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ತಮ್ಮ ನಿವಾಸವಾದ 'ವಿಠ್ಠಲ ವಿಹಾರ'ದಲ್ಲಿ ಬಾನುಲಿ ನಿಲಯವನ್ನು ಆರಂಭಿಸಿದರು. ಮೊದಲು ಬಳಸಿದ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಕೆಲಕಾಲದ ಬಳಿಕ ವಿದೇಶದಿಂದ 250 ವ್ಯಾಟ್ ಪ್ರೇಷಕವನ್ನು ತರಿಸಲಾಯಿತು. ಕುವೆಂಪು ಅವರ ಕವಿತಾವಾಚನದೊಂದಿಗೆ ನಿಲಯದ ಪ್ರಸಾರ ಆರಂಭವಾಯಿತೆಂಬುದು ಪ್ರಸಿದ್ಧ ಸಂಗತಿ.

ಆಗ ಕನ್ನಡ ಪ್ರದೇಶದಲ್ಲಿ ಬೇರಾವ ಬಾನುಲಿ ನಿಲಯವೂ ಇರಲಿಲ್ಲ. ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಸಂಗೀತ ಪರಂಪರೆ ಮತ್ತು ವಿಶ್ವವಿದ್ಯಾಲಯದ ಸುತ್ತ ಬೆಳೆಯುತ್ತಿದ್ದ ಹೊಸಗನ್ನಡ ಸಾಹಿತ್ಯ ಎರಡೂ ಒಂದೇ ಊರಿನಲ್ಲಿದ್ದುದು ಈ ಪುಟ್ಟ ನಿಲಯಕ್ಕೆ ಅನುಕೂಲವಾಯಿತು. ಹಾಡುವವರು, ಭಾಷಣ ಮಾಡುವವರು, ನಾಟಕವಾಡುವವರು ನಡೆದು ಬರಬಹುದಾದಷ್ಟು ಹತ್ತಿರದಲ್ಲಿದ್ದರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಅಧ್ಯಾಪಕರೂ ಹಾಸ್ಯಸಾಹಿತಿಯೂ ಆಗಿದ್ದ ನಾ. ಕಸ್ತೂರಿ ಅವರು ಗೋಪಾಲಸ್ವಾಮಿಯವರಿಗೆ ನೆರವಾದರು.

ನಿಲಯಕ್ಕೆ ನಿಗದಿತ ಆದಾಯವಿರಲಿಲ್ಲ. ಸುಮಾರು ಆರು ವರ್ಷಗಳ ಕಾಲ ಅದು ಮುಖ್ಯವಾಗಿ ಗೋಪಾಲಸ್ವಾಮಿಯವರ ಸ್ವಂತ ಹಣದಿಂದ ನಡೆಯಿತು.

ಪ್ರೇಷಕದ ಶಕ್ತಿ ಮತ್ತು ವ್ಯಾಪ್ತಿ

1936ರ ಜನವರಿ 1ರಂದು ಆರಂಭವಾದ ದೆಹಲಿ ನಿಲಯದ ಶಕ್ತಿ 20 ಕಿಲೋವ್ಯಾಟ್. ಮೈಸೂರಿನ ಮೊದಲ ಪ್ರೇಷಕದ ಶಕ್ತಿಗಿಂತ ಅದು ಆರುನೂರು ಪಟ್ಟಿಗೂ ಹೆಚ್ಚು. ಆದರೂ 30 ವ್ಯಾಟ್ ಪ್ರೇಷಕ ನಿರುಪಯುಕ್ತವಾಗಿರಲಿಲ್ಲ. ಇದಕ್ಕೆ ಕಾರಣ ಅಂದಿನ ಪ್ರಸಾರ ವಿಧಾನದಲ್ಲಿಯೇ ಇದೆ.

ಆ ಕಾಲದ ಎಲ್ಲ ನಿಲಯಗಳಂತೆ ಮೈಸೂರು ನಿಲಯವೂ ಎ.ಎಂ. (ಆಂಪ್ಲಿಟ್ಯೂಡ್ ಮಾಡ್ಯುಲೇಷನ್) ವಿಧಾನವನ್ನು ಬಳಸುತ್ತಿತ್ತು. ಈ ವಿಧಾನದಲ್ಲಿ ಧ್ವನಿಯ ಏರಿಳಿತಕ್ಕೆ ಅನುಗುಣವಾಗಿ ವಾಹಕ ತರಂಗದ ಎತ್ತರ ಹೆಚ್ಚುಕಡಿಮೆಯಾಗುತ್ತದೆ. ಅದನ್ನು ಮತ್ತೆ ಧ್ವನಿಯಾಗಿಸಲು ಬೇಕಾದ ಗ್ರಾಹಕ ಯಂತ್ರ ಅತ್ಯಂತ ಸರಳವಾಗಿರಬಹುದು. ನಿಲಯದ ಸಮೀಪದಲ್ಲಿ ಆಂಟೆನಾ ತಂತಿ, ತಂತಿಸುರುಳಿ, ಒಂದು ಹರಳು ಮತ್ತು ಕಿವಿಗೆ ಹಚ್ಚುವ ಶ್ರವಣಕ ಇಷ್ಟೇ ಸಾಕು. ವಿದ್ಯುತ್ತಾಗಲಿ ಬ್ಯಾಟರಿಯಾಗಲಿ ಬೇಕಿಲ್ಲ. ಇಂತಹ ಹರಳು ಗ್ರಾಹಕಗಳನ್ನು ವಿದ್ಯಾರ್ಥಿಗಳೂ ಮನೆಯಲ್ಲಿಯೇ ಮಾಡಿಕೊಳ್ಳಬಹುದಿತ್ತು. ಕೊಳ್ಳಲು ಸಿಗುತ್ತಿದ್ದ ಕವಾಟಗಳ ರೇಡಿಯೋ ಪೆಟ್ಟಿಗೆಗಳು ದುಬಾರಿಯಾಗಿದ್ದ ಕಾಲದಲ್ಲಿ ಇದು ಮಹತ್ವದ ಸಂಗತಿ.

ಈ ವಿಧಾನಕ್ಕೆ ಮಿತಿಗಳೂ ಇದ್ದವು. ಎ.ಎಂ. ಪ್ರಸಾರದಲ್ಲಿ ಶಕ್ತಿಯ ಮೂರನೆಯ ಎರಡಕ್ಕಿಂತ ಕಡಿಮೆಯಿಲ್ಲದ ಭಾಗ ಯಾವ ಧ್ವನಿಯನ್ನೂ ಹೊರದ ವಾಹಕ ತರಂಗಕ್ಕೇ ವ್ಯಯವಾಗುತ್ತದೆ. ಸಿಡಿಲು, ವಿದ್ಯುತ್ ಯಂತ್ರಗಳು ಮುಂತಾದವುಗಳ ಗದ್ದಲ ಧ್ವನಿಯೊಡನೆ ಬೆರೆಯುತ್ತದೆ. ಅಲ್ಪ ಶಕ್ತಿಯ ನಿಲಯ ನಗರ ಮತ್ತು ಅದರ ಸುತ್ತಣ ಹಳ್ಳಿಗಳಿಗೆ ಮಾತ್ರ ವಿಶ್ವಾಸಾರ್ಹವಾಗಿ ಕೇಳಿಸುತ್ತದೆ.

ಕನ್ನಡ ಮಾತನಾಡುವ ಪ್ರದೇಶವಾದರೋ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಉದಾಹರಣೆಗೆ, ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮೈಸೂರಿನಿಂದ ಕೂಡ್ಲಿಗಿಗೆ ನೇರ ದೂರವೇ ಮುನ್ನೂರು ಕಿಲೋಮೀಟರಿಗೆ ಸಮೀಪ. ಹಗಲು ಹೊತ್ತಿನಲ್ಲಿ ಕೆಲವು ನೂರು ವ್ಯಾಟ್‌ಗಳ ಪ್ರಸಾರ ಅಷ್ಟು ದೂರ ಸ್ಪಷ್ಟವಾಗಿ ತಲುಪುವಂತಿರಲಿಲ್ಲ. ಕನ್ನಡದ ಮೊದಲ ನಿಲಯ ಕನ್ನಡ ನಾಡಿನ ಬಹುಭಾಗಕ್ಕೆ ಕೇಳಿಸದ ನಿಲಯವೂ ಆಗಿತ್ತು. ಉತ್ತರದ ಭಾಗಗಳಿಗೆ ಹತ್ತಿರದ ಕನ್ನಡ ನಿಲಯ ದೊರೆತದ್ದು 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದಾಗ.

ಸಂಸ್ಥಾನ ಸರ್ಕಾರಕ್ಕೆ ಹಸ್ತಾಂತರ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಖಾಸಗಿಯಾಗಿ ನಿಲಯವನ್ನು ನಡೆಸುವುದು ಇನ್ನಷ್ಟು ಕಷ್ಟವಾಯಿತು. 1942ರ ಜನವರಿ 1ರಂದು ಮೈಸೂರು ಸಂಸ್ಥಾನ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಅದರೊಂದಿಗೆ ನಿಲಯಕ್ಕೆ ನಿಶ್ಚಿತ ಧನಬಲ ದೊರೆಯಿತು; ಒಬ್ಬ ವ್ಯಕ್ತಿಯ ಇಚ್ಛೆಯಿಂದ ನಡೆಯುವ ಪ್ರಸಾರ ಎಂಬ ಅದರ ಸ್ವರೂಪವೂ ಅಲ್ಲಿಗೆ ಮುಗಿಯಿತು.

1947ರಲ್ಲಿ ದೇಶ ಸ್ವತಂತ್ರವಾದಾಗ ದೇಶೀಯ ಸಂಸ್ಥಾನಗಳಲ್ಲಿದ್ದ ಐದು ಬಾನುಲಿ ನಿಲಯಗಳಲ್ಲಿ ಮೈಸೂರಿನದೂ ಒಂದು. ತಿರುವನಂತಪುರ, ಹೈದರಾಬಾದ್, ಔರಂಗಾಬಾದ್ ಮತ್ತು ಬರೋಡಾ ಉಳಿದ ನಾಲ್ಕು. 1950ರ ಏಪ್ರಿಲ್ 1ರಂದು ಮೈಸೂರು ನಿಲಯ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ನಿಲಯ ಅಲ್ಲಿಗೆ ವರ್ಗಾವಣೆಗೊಂಡಿತು. ಮೈಸೂರಿನಲ್ಲಿ ಮತ್ತೆ ಆಕಾಶವಾಣಿ ಕೇಂದ್ರ ಆರಂಭವಾದದ್ದು 1974ರಲ್ಲಿ. ಈ ಕೇಂದ್ರ ವಿಠ್ಠಲ ವಿಹಾರದ ಸಮೀಪದಲ್ಲಿಯೇ ಇದೆ.

'ಆಕಾಶವಾಣಿ' ಎಂಬ ಹೆಸರು

ಪುರಾಣ ಕಥೆಗಳಲ್ಲಿ ಆಕಾಶವಾಣಿ ಎಂದರೆ ಅಶರೀರವಾಣಿ, ಆಕಾಶದಿಂದ ಕೇಳಿಬರುವ ದೈವವಾಣಿ. ಕಾಣದ ವ್ಯಕ್ತಿಯ ಧ್ವನಿಯನ್ನು ದೂರದವರಿಗೆ ಕೇಳಿಸುವ ಯಂತ್ರಕ್ಕೆ ಈ ಹಳೆಯ ಪದವನ್ನು ಅನ್ವಯಿಸಿದ್ದು ಮೈಸೂರು ನಿಲಯ. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಕೆಲವರೂ ಸ್ವತಃ ಗೋಪಾಲಸ್ವಾಮಿಯವರೆಂದು ಕೆಲವರೂ ಹೇಳುತ್ತಾರೆ. ರವೀಂದ್ರನಾಥ ಠಾಕೂರರು ಕಲ್ಕತ್ತಾ ನಿಲಯಕ್ಕೆ ಸಂಬಂಧಿಸಿ ಇದೇ ಪದವನ್ನು ಬಳಸಿದ್ದು 1938ರಲ್ಲಿ, ಅಂದರೆ ಮೈಸೂರು ನಿಲಯ ಆರಂಭವಾದ ಮೂರು ವರ್ಷಗಳ ನಂತರ.

ಬ್ರಿಟಿಷ್ ಭಾರತದ ಸರ್ಕಾರಿ ಪ್ರಸಾರ ಸೇವೆಗೆ 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತ್ತು. ಆ ಸಂಸ್ಥೆ 1950ರ ದಶಕದ ಉತ್ತರಾರ್ಧದಲ್ಲಿ ಆಕಾಶವಾಣಿ ಎಂಬ ಹೆಸರನ್ನೂ ಸ್ವೀಕರಿಸಿತು. 2023ರ ಮೇ ತಿಂಗಳಿನಿಂದ ಇಂಗ್ಲಿಷ್ ಪ್ರಸಾರಗಳಲ್ಲಿಯೂ ಆಕಾಶವಾಣಿ ಎಂಬ ಹೆಸರನ್ನೇ ಬಳಸಲಾಗುತ್ತಿದೆ.

ಅಲ್ಪಶಕ್ತಿಯ ಪ್ರಸಾರ: ಅನಲಾಗ್ ಮತ್ತು ಡಿಜಿಟಲ್

ಗೋಪಾಲಸ್ವಾಮಿಯವರ ಕಾಲದ ಅನಲಾಗ್ ಎ.ಎಂ. ವಿಧಾನಕ್ಕೆ ಬದಲಾಗಿ ಈಗ ಡಿಜಿಟಲ್ ವಿಧಾನಗಳು ಬಂದಿವೆ. ಇವುಗಳಲ್ಲಿ ಡಿ.ಆರ್.ಎಂ. (ಡಿಜಿಟಲ್ ರೇಡಿಯೋ ಮಾಂಡಿಯಲ್) ಭಾರತದಲ್ಲಿ ಬಳಕೆಯಲ್ಲಿದ್ದು, ಆಕಾಶವಾಣಿಯ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಪ್ರೇಷಕಗಳು ಅದಕ್ಕೆ ಸಜ್ಜಾಗಿವೆ. ಎ.ಎಂ. ನಿಲಯವೊಂದಕ್ಕೆ ಬೇಕಾದ 9 ಅಥವಾ 10 ಕಿಲೋಹರ್ಟ್ಸ್ ಅಗಲದಲ್ಲಿಯೇ ಡಿ.ಆರ್.ಎಂ. ಹೆಚ್ಚು ಸ್ಪಷ್ಟವಾದ ಧ್ವನಿಯನ್ನೂ ಅದರೊಡನೆ ಪಠ್ಯ ಮಾಹಿತಿಯನ್ನೂ ಸಾಗಿಸಬಲ್ಲದು. ಅದೇ ವ್ಯಾಪ್ತಿಗೆ ಅದು ಬಳಸುವ ಶಕ್ತಿಯೂ ಕಡಿಮೆ.

ಅಲ್ಪಶಕ್ತಿಯ ಹವ್ಯಾಸಿ ನಿಲಯದ ದೃಷ್ಟಿಯಿಂದ ನೋಡಿದರೆ ಈ ಲಾಭಗಳ ಜೊತೆಗೆ ತೊಡಕುಗಳೂ ಇವೆ. ಡಿಜಿಟಲ್ ಪ್ರಸಾರಕ್ಕೆ ಸಂಕೇತಕ ಯಂತ್ರ ಮತ್ತು ಏರುಪೇರಿಲ್ಲದೆ ವರ್ಧಿಸುವ ಪ್ರೇಷಕ ಬೇಕು. ಕೇಳುವವರ ಬಳಿ ಸಂಕೇತವನ್ನು ಬಿಡಿಸಬಲ್ಲ ವಿಶೇಷ ಗ್ರಾಹಕವಿರಬೇಕು. ಹಳೆಯ ರೇಡಿಯೋದಲ್ಲಿ ಅದು ಬರಿಯ ಗದ್ದಲವಾಗಿ ಕೇಳಿಸುತ್ತದೆ. ಅನಲಾಗ್ ಪ್ರಸಾರ ದೂರ ಹೋದಂತೆ ಕ್ರಮೇಣ ಕ್ಷೀಣಿಸಿ, ಗದ್ದಲದ ನಡುವೆಯೂ ಮಾತು ಅರ್ಥವಾಗುವಂತಿರುತ್ತದೆ. ಡಿಜಿಟಲ್ ಪ್ರಸಾರ ಒಂದು ಮಿತಿಯವರೆಗೆ ಸ್ವಚ್ಛವಾಗಿದ್ದು, ಆ ಮಿತಿ ದಾಟಿದೊಡನೆ ಪೂರ್ಣವಾಗಿ ನಿಂತುಹೋಗುತ್ತದೆ. ಮೈಸೂರಿನ 30 ವ್ಯಾಟ್ ನಿಲಯದಂತಹ ಪ್ರಯತ್ನಕ್ಕೆ ಪ್ರೇಷಕದ ದಕ್ಷತೆಗಿಂತ ಗ್ರಾಹಕದ ಸರಳತೆಯೇ ಮುಖ್ಯವಾಗುತ್ತದೆ.

ಭಾರತದಲ್ಲಿ ಇಂದು ಅಂತಹ ಪ್ರಯತ್ನಕ್ಕೆ ಕಾನೂನಿನ ಅವಕಾಶವೂ ಇಲ್ಲ. ಹವ್ಯಾಸಿ ರೇಡಿಯೋ ಪರವಾನಗಿ ಹೊಂದಿದವರು ಪರಸ್ಪರ ಸಂಪರ್ಕಿಸಬಹುದೇ ಹೊರತು ಸಾರ್ವಜನಿಕರಿಗಾಗಿ ಕಾರ್ಯಕ್ರಮ ಪ್ರಸಾರ ಮಾಡುವಂತಿಲ್ಲ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆದ ಸಮುದಾಯ ಬಾನುಲಿ ನೀತಿಯ ಅಡಿಯಲ್ಲಿ ಅಲ್ಪಶಕ್ತಿಯ ಎಫ್.ಎಂ. ನಿಲಯಗಳನ್ನು ನಡೆಸಬಹುದಾದರೂ ವ್ಯಕ್ತಿಗಳಿಗೆ ಪರವಾನಗಿ ದೊರೆಯುವುದಿಲ್ಲ. ಪ್ರಾಧ್ಯಾಪಕರೊಬ್ಬರು ತಮ್ಮ ಮನೆಯಿಂದ ತಮ್ಮ ಹೊಣೆಯಲ್ಲಿ ನಡೆಸಿದ ನಿಲಯವನ್ನು ಇಂದು ಸಂಸ್ಥೆಯೊಂದು ಮಾತ್ರ ನಡೆಸಬಹುದು.

ನಿಧನ ಮತ್ತು ಸ್ಮರಣೆ

ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಮತ್ತು ಮೈಸೂರು ಆಕಾಶವಾಣಿ ಕೇಂದ್ರ ಎರಡೂ ತಮ್ಮ ಮೂಲವನ್ನು ಅವರಲ್ಲಿ ಗುರುತಿಸುತ್ತವೆ. 1935ರ ಸೆಪ್ಟೆಂಬರ್ 10 ಮೈಸೂರು ಆಕಾಶವಾಣಿಯ ಸ್ಥಾಪನಾ ದಿನವೆಂದು ಪರಿಗಣಿತವಾಗಿದೆ.