ಬೆಲ್‌ಫಾಸ್ಟಿನ ವೈದ್ಯ-ವಿಜ್ಞಾನಿ ಥಾಮಸ್ ಆಂಡ್ರೂಸ್

ನಾವು ಬಂದು ನೆಲೆಸಿರುವ ಈ ದ್ವೀಪದ ಹಿರಿಯರೆಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವವರು ಯೇಟ್ಸ್, ಬರ್ನಾರ್ಡ್ ಷಾ, ಸೋದರಿ ನಿವೇದಿತಾ. ಥಾಮಸ್ ಆಂಡ್ರೂಸ್ ಎಂದರೆ ಟೈಟಾನಿಕ್ ಹಡಗಿನ ವಿನ್ಯಾಸಕಾರರೇ ಎಂದು ಕೇಳುವವರುಂಟು. ಅವರು ಬೇರೆ, ಇವರು ಬೇರೆ.

ನಮ್ಮ ಆಂಡ್ರೂಸ್ ಅವರು 1813ರ ಡಿಸೆಂಬರ್ 19ರಂದು ಬೆಲ್‌ಫಾಸ್ಟಿನ ಲಿನನ್ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. 1832ರ ಕಾಲರಾ ಹಾವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿ ಲೇಖನ ಪ್ರಕಟಿಸಿದರು. 1835ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪಡೆದು ಊರಿಗೆ ಮರಳಿ, ಹತ್ತು ವರ್ಷ ವೈದ್ಯವೃತ್ತಿಯನ್ನೂ ರಸಾಯನಶಾಸ್ತ್ರದ ಪಾಠವನ್ನೂ ಒಟ್ಟಿಗೇ ನಡೆಸಿದರು. 1845ರಲ್ಲಿ ಕ್ವೀನ್ಸ್ ಕಾಲೇಜಿನ ಉಪಾಧ್ಯಕ್ಷರಾಗಿ ನೇಮಕಗೊಂಡ ಮೇಲೆ ವೈದ್ಯವೃತ್ತಿಯನ್ನು ಬಿಟ್ಟರು. ಕೈಗೂಡಿದ ವೃತ್ತಿಯನ್ನು ಬಿಡುವುದೆಂದರೇನೆಂದು ವೈದ್ಯರಾದ ನಾವು ಬಲ್ಲೆವು.

ಕೆಲವು ಅನಿಲಗಳು ಒತ್ತಿದರೆ ದ್ರವವಾಗುತ್ತಿದ್ದವು. ಆಮ್ಲಜನಕ, ಜಲಜನಕಗಳು ಮಾತ್ರ ಎಷ್ಟು ಒತ್ತಿದರೂ ಮಣಿಯುತ್ತಿರಲಿಲ್ಲ. ಇದೇಕೆ? ಆಂಡ್ರೂಸ್ ಅವರು ಕೂದಲೆಳೆಯಂತಹ ರಂಧ್ರವುಳ್ಳ ಗಾಜಿನ ನಳಿಗೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಪಾದರಸದಿಂದ ಬಂಧಿಸಿ, ತಿರುಪು ತಿರುಗಿಸುತ್ತಾ ನೂರು ವಾಯುಭಾರಕ್ಕೂ ಮೀರಿ ಒತ್ತಿದರು. 13 ಡಿಗ್ರಿಯಲ್ಲಿ ಅದು ಸುಲಭವಾಗಿ ದ್ರವವಾಯಿತು. ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿತೋ, ಯಾವ ಒತ್ತಡಕ್ಕೂ ದ್ರವವಾಗಲೊಲ್ಲದು! ಆ ಗಡಿಯಲ್ಲಿ ದ್ರವಕ್ಕೂ ಆವಿಗೂ ನಡುವಿನ ಗೆರೆ ಮಾಸಿಹೋಗುತ್ತಿತ್ತು. ಇದನ್ನೇ ಅವರು ಕ್ರಾಂತಿಕ ಬಿಂದು ಎಂದು ಕರೆದು 1869ರಲ್ಲಿ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ ವಿವರಿಸಿದರು. ಆಮ್ಲಜನಕದ ತೊಡಕೂ ಬಿಡಿಸಿತು: ಮೊದಲು ಅದನ್ನು ಚೆನ್ನಾಗಿ ತಣಿಸಬೇಕು. 1877ರಲ್ಲಿ ಕೈಯೆಟೆ ಮತ್ತು ಪಿಕ್ಟೆ ಹಾಗೆಯೇ ಸಾಧಿಸಿದರು.

1873ರಲ್ಲಿ ಹಾಲೆಂಡಿನ ವ್ಯಾನ್ ಡರ್ ವಾಲ್ಸ್ ಅವರು ಇದೇ ಅಂಕಿಗಳನ್ನು ಎದುರಿಗಿಟ್ಟುಕೊಂಡು ತಮ್ಮ ಸಮೀಕರಣವನ್ನು ಪರೀಕ್ಷಿಸಿದರು. ಇಂದು ಪೆಟ್ರೋಲಿಯಂ ಎಂಜಿನಿಯರುಗಳು ಹೈಡ್ರೋಕಾರ್ಬನ್ ಮಿಶ್ರಣದಲ್ಲಿ ಎಷ್ಟು ಪಾಲು ಆವಿ, ಎಷ್ಟು ಪಾಲು ದ್ರವ ಎಂದು ಮುಂಗಾಣಲು ಬಳಸುವ ಪೆಂಗ್-ರಾಬಿನ್ಸನ್ ಸಮೀಕರಣವೂ (1976) ಅದೇ ವಂಶದ್ದು. ಒಂದು ಅನಿಲದೊಡನೆ ಇನ್ನೊಂದು ಬೆರೆತರೆ ಈ ಗಡಿಯೇ ಜರುಗುತ್ತದೆಂಬುದನ್ನೂ ಆಂಡ್ರೂಸ್ ಅವರು ಸಾರಜನಕವನ್ನು ಬೆರೆಸಿ ನೋಡಿ ತೋರಿಸಿದ್ದರು.

ಇದು ಎಂಜಿನಿಯರುಗಳ ಪಾಡಷ್ಟೇ ಅಲ್ಲ. ಇಲ್ಲಿನ ಹೆರಿಗೆ ವಾರ್ಡುಗಳಲ್ಲಿ ನೋವು ತಗ್ಗಿಸಲು ಕೊಡುವ ಎಂಟೊನಾಕ್ಸ್, ಆಮ್ಲಜನಕ ಮತ್ತು ನೈಟ್ರಸ್ ಆಕ್ಸೈಡ್‌ಗಳ ಸಮಪಾಲಿನ ಮಿಶ್ರಣ. ಸಿಲಿಂಡರು ಸೊನ್ನೆಗಿಂತ ಸುಮಾರು 6 ಡಿಗ್ರಿ ಕೆಳಗೆ ತಣಿದರೆ ನೈಟ್ರಸ್ ಆಕ್ಸೈಡ್ ದ್ರವವಾಗಿ ತಳಕ್ಕಿಳಿಯತೊಡಗುತ್ತದೆ. ಮೊದಲು ಆಮ್ಲಜನಕವೇ ಹೆಚ್ಚಾಗಿ ಬಂದು, ಕೊನೆಗೆ ತಾಯಿಗೆ ಉಸಿರಾಡಲು ಆಮ್ಲಜನಕವೇ ಸಾಲದಂತಾದೀತು. ಆದುದರಿಂದಲೇ ಚಳಿಯಲ್ಲಿದ್ದ ಸಿಲಿಂಡರನ್ನು ಬೆಚ್ಚಗಾಗಿಸಿ, ತಲೆಕೆಳಗು ಮಾಡಿ ಬೆರೆಸಿ, ಆಮೇಲೆ ಬಳಸುವುದು.

ಆಂಡ್ರೂಸ್ ಅವರು 1879ರಲ್ಲಿ ನಿವೃತ್ತರಾದರು. ಮರುವರ್ಷ ಬಂದ ನೈಟ್ ಪದವಿಯನ್ನು ಒಲ್ಲೆನೆಂದರು. 1885ರ ನವೆಂಬರ್ 26ರಂದು ಬೆಲ್‌ಫಾಸ್ಟಿನಲ್ಲೇ ತೀರಿಕೊಂಡರು.